ಒಣಗಿದ ಸಸಿಮಡಿ

ಮಣಿಪಾಲದಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶ. ಊಟ ಮುಗಿಸಿ ಏಳೆಂಟು ಮಂದಿ ಜಗಲಿಯಲ್ಲಿ ಕೂತಿದ್ದೆವು. ಒಬ್ಬರು ಆಗುಂಬೆಯ ಕಪ್ಪೆಗಳ ವಿಷಯ ತೆಗೆದರು, ಇನ್ನೊಬ್ಬರು ಹಿಂದಿನ ರಾತ್ರಿ ನೋಡಿ ಬಂದ ಯಕ್ಷಗಾನ ಆಟದ ಭಾಗವತಿಕೆಯನ್ನು ಬಣ್ಣಿಸಿದರು. ನನ್ನ ಬಳಿ ಹೇಳಲು ಏನೂ ಇರಲಿಲ್ಲ. "ನಿಮ್ಮದು ಆಫೀಸು, ಮನೆ, ಅಷ್ಟೇಯಾ?" ಎಂದು ಯಾರೋ ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೂ ಕಟಪಾಡಿಯಲ್ಲಿ ಬಸ್ಸಿಳಿದು ನಮ್ಮೂರು ಮಟ್ಟುವಿಗೆ ಬರುವಷ್ಟೂ ದಾರಿ ಆ ಮಾತು ಕೊರೆಯುತ್ತಲೇ ಇತ್ತು. ಆಗ ನನಗೆ ನಲವತ್ತೆರಡು ವರ್ಷ.

ಮುಂದಿನ ಮೂರು ವರ್ಷ ನಾನು ಹವ್ಯಾಸಗಳ ಬೆನ್ನು ಹತ್ತಿದೆ. ಮೊದಲು ಚೆಂಡೆ. ಉಡುಪಿಯಲ್ಲಿ ಯಕ್ಷಗಾನ ಕಲಿಯಬೇಕೆಂದರೆ ಗುರುಗಳಿಗೆ ಕೊರತೆಯಿಲ್ಲ. 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರ ಇಲ್ಲೇ ಇದೆ, ಸಂಜೆ ತರಗತಿಗಳು ಅಲ್ಲಲ್ಲಿ ನಡೆಯುತ್ತವೆ. ಏಕತಾಳ ಕೈಗೆ ಹತ್ತಿತು. ತ್ರಿವುಡೆ ತಾಳದ ಏಳಕ್ಷರಕ್ಕೆ ಬರುವಷ್ಟರಲ್ಲಿ ಬಿಟ್ಟೆ. ಆದರೆ ಚೆಂಡೆ ಕಲಿಯುತ್ತಿದ್ದೇನೆ ಎಂದು ಹೇಳಿಕೊಳ್ಳುವುದನ್ನು ಬಿಡಲಿಲ್ಲ. ಆಮೇಲೆ ಗಾಳ. ಮಟ್ಟು ಸೇತುವೆಯ ಬಳಿ ಕೆಲವು ಭಾನುವಾರ ಕೂತೆ, ಅದೂ ಮುಗಿಯಿತು. ಕೊನೆಗೆ ಉದ್ದ ಲೆನ್ಸಿನ ಕ್ಯಾಮೆರಾ ತಂದು ಮಣ್ಣಪಳ್ಳದ ಕೆರೆಯ ಸುತ್ತ ಹಕ್ಕಿಗಳ ಹಿಂದೆ ಅಲೆದೆ. ಪ್ರತಿಯೊಂದನ್ನೂ ಆರಿಸುವಾಗ ನಾನು ಮನಸ್ಸಿನಲ್ಲೇ ಆ ಜಗಲಿಗೆ ಹೋಗಿ ಬರುತ್ತಿದ್ದೆ. ಇದನ್ನು ಹೇಳಿದರೆ ಅವರು ಕಿವಿಗೊಡುತ್ತಾರೆಯೇ ಎಂಬುದೊಂದೇ ನನ್ನ ಅಳತೆಗೋಲು.

ಮನೆಯಲ್ಲಿ ಅಪ್ಪ ಗುಳ್ಳ ಬದನೆ ಬೆಳೆಯುತ್ತಿದ್ದರು. ಸಮುದ್ರಕ್ಕೂ ಹೊಳೆಗೂ ನಡುವೆ ಸಿಕ್ಕಿಕೊಂಡಿರುವ ನಮ್ಮೂರಿನ ಮರಳು ಬೆರೆತ ಗದ್ದೆಗಳಲ್ಲಿ ಮಳೆಗಾಲದ ಭತ್ತ ಮುಗಿದ ಮೇಲೆ ಗುಳ್ಳದ ಕಾಲ. ತಿಳಿಹಸಿರು ಮೈ, ಬಿಳಿಯ ಗೀರು, ತೊಟ್ಟಿನಲ್ಲಿ ಮುಳ್ಳು. ಯತಿ ವಾದಿರಾಜರು ಬೀಜ ಕೊಟ್ಟರೆಂದು ಹಿರಿಯರು ಹೇಳುತ್ತಾರೆ. ಉಡುಪಿ ಮಠದ ಪರ್ಯಾಯದ ಹೊರೆಕಾಣಿಕೆಗೆ ಇಲ್ಲಿಂದ ಹೋಗುತ್ತದೆ. 2011ರಲ್ಲಿ ಇದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿತು. ಇಷ್ಟನ್ನು ಯಾರು ಕೇಳಿದರೂ ಹೇಳಬಲ್ಲವನಾಗಿದ್ದೆ. ಬೀಜ ಹೇಗೆ ತೆಗೆಯುತ್ತಾರೆ ಎಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಕ್ಯಾಮೆರಾ ಹಿಡಿದು ಅಲೆಯುತ್ತಿದ್ದ ವರ್ಷ ಸೆಪ್ಟೆಂಬರಿನಲ್ಲಿ ಅಪ್ಪ ಹುಷಾರು ತಪ್ಪಿ ಆಸ್ಪತ್ರೆ ಸೇರಿದರು. ಅಮ್ಮನೂ ಜೊತೆಗಿದ್ದರು. ಸಸಿಮಡಿಯಲ್ಲಿ ಎರಡೆಲೆ ಬಿಟ್ಟ ಎಳೆಯ ಸಸಿಗಳು. ಹಾಸಿಗೆಯಲ್ಲಿ ಮಲಗಿಕೊಂಡೇ ಅಪ್ಪ ಹೇಳಿದರು: ಬೆಳಿಗ್ಗೆ ನೀರು ಹಾಕಿ ತೆಂಗಿನ ಮಡಲು ಮುಚ್ಚಬೇಕು, ಸಂಜೆ ಮಡಲು ತೆಗೆದು ಮತ್ತೆ ನೀರು. ನಾಲ್ಕು ದಿನ ಮಾಡಿದೆ. ಶನಿವಾರ ಕಾರ್ಕಳದಾಚೆ ಘಟ್ಟದ ಬುಡಕ್ಕೆ ಹಕ್ಕಿ ನೋಡಲು ಹೊರಟ ಗುಂಪೊಂದು ನನ್ನನ್ನೂ ಕರೆಯಿತು. ಕತ್ತಲಲ್ಲೇ ಎದ್ದು ಹೊರಟೆ. ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ ಹೋಗಬಹುದಿತ್ತು, ಹೇಳಲಿಲ್ಲ. ಎರಡು ದಿನ ಮಳೆಯೂ ಬರಲಿಲ್ಲ. ಭಾನುವಾರ ಸಂಜೆ ಬಂದು ನೋಡುವಾಗ ಮಡಲುಗಳು ಪಕ್ಕದಲ್ಲಿ ನಾನು ತೆಗೆದಿಟ್ಟ ಹಾಗೆಯೇ ಇದ್ದವು. ಸಸಿಗಳು ನೂಲಿನಂತೆ ಮರಳಿಗೆ ಅಂಟಿಕೊಂಡಿದ್ದವು. ಕೊಡಪಾನಗಟ್ಟಲೆ ನೀರು ಹೊತ್ತು ಹಾಕಿದೆ. ಒಂದೂ ತಲೆ ಎತ್ತಲಿಲ್ಲ.

ನಾನು ತಂದದ್ದು ಒಂದು ಮಂಗಟ್ಟೆಯ ಚಿತ್ರ. ಆಫೀಸಿನಲ್ಲಿ ಎಲ್ಲರೂ ಮೆಚ್ಚಿದರು.

ಮನೆಗೆ ಬಂದ ಅಪ್ಪ ಮಡಿಯ ಬದಿಯಲ್ಲಿ ತುಂಬ ಹೊತ್ತು ನಿಂತರು. ತೆಗೆದಿಟ್ಟಿದ್ದ ಬೀಜವನ್ನೆಲ್ಲ ಅವರು ಆ ಮಡಿಗೇ ಹಾಕಿದ್ದರೆಂದು ನನಗೆ ತಿಳಿದದ್ದು ಆಗ. ವರ್ಷದಿಂದ ವರ್ಷಕ್ಕೆ ತಮ್ಮದೇ ಗಿಡದಿಂದ ಉಳಿಸಿಕೊಂಡು ಬಂದ ಬೀಜ. ನಾನು ಬೈಗುಳಕ್ಕೆ ಕಾದೆ. ರಾತ್ರಿ ಗಂಜಿ ಉಣ್ಣುವಾಗ ಅವರು ತುಳುವಿನಲ್ಲಿ ಕೇಳಿದರು: "ಹಕ್ಕಿ ಸಿಕ್ಕಿತಾ ಮಗಾ?" ಚಿತ್ರ ತೋರಿಸಿದೆ. ಕನ್ನಡಕ ಹಾಕಿಕೊಂಡು ಕೊಕ್ಕನ್ನೇ ನೋಡಿದರು. "ಇಷ್ಟು ದೊಡ್ಡ ಕೊಕ್ಕಿನಲ್ಲಿ ಇದು ಎಂತ ತಿನ್ನುವುದು? ಹೇಗೆ ನುಂಗುವುದು?"

ನನಗೆ ಗೊತ್ತಿರಲಿಲ್ಲ. ಅರ್ಧ ಗಂಟೆ ಆ ಮರದಡಿ ನಿಂತಿದ್ದೆ. ಹಕ್ಕಿ ಕೊಂಬೆಯ ತುದಿಯಲ್ಲಿ ಏನೋ ಕುಕ್ಕುತ್ತಿತ್ತು, ಅದು ತಲೆ ಎತ್ತಿ ನನ್ನ ಕಡೆ ತಿರುಗಲಿ ಎಂದಷ್ಟೇ ಕಾದಿದ್ದೆ. ಅಪ್ಪನ ಆ ಎರಡು ಪ್ರಶ್ನೆಗಳು ಒಣಗಿದ ಸಸಿಗಳಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದವು. ಬೆಳೆ ಕಳೆದುಕೊಂಡ ಮನುಷ್ಯ, ಅದಕ್ಕೆ ಕಾರಣವಾದ ಹಕ್ಕಿಯ ಬಗ್ಗೆಯೂ ತಿಳಿಯಬಯಸಿದ್ದರು.

ಯಾರೋ ಕಿವಿಗೊಡಲಿ ಎಂದಲ್ಲದೆ ಕಲಿತವರೂ ನಮ್ಮ ಕಡೆ ಇದ್ದರು. ಕಟಪಾಡಿಯಿಂದ ಹೆಚ್ಚು ದೂರವಲ್ಲದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಚಿತ್ರಕಾರರಾಗಿ ಹೆಸರಾದವರು. ಅವರು ಕಥಕ್ ಕೂಡ ಕಲಿತಿದ್ದರು, ತಮ್ಮ ರೇಖೆಗಳಲ್ಲಿ ಲಯ ಹಿಡಿಯಲೆಂದು. ಅವರ ರೇಖಾಚಿತ್ರಗಳಲ್ಲಿ ಕುಣಿಯುವವರ ಕಾಲುಗಳನ್ನು ನೋಡಿದರೆ ಆ ಕಲಿಕೆ ಎಲ್ಲಿ ಹೋಗಿ ಸೇರಿತೆಂದು ತಿಳಿಯುತ್ತದೆ. ನನ್ನ ಚೆಂಡೆ ಎಲ್ಲಿಗೂ ಸೇರಲಿಲ್ಲ. ಸೇರಬೇಕಾದ ಜಾಗವೊಂದು ನನ್ನೊಳಗೆ ಇರಲಿಲ್ಲ.

ಆ ವರ್ಷ ನೆರೆಯವರು ತಮ್ಮಲ್ಲಿ ಉಳಿದ ಸಸಿ ಕೊಟ್ಟರು. ನೆಡುವಾಗ ನಾನು ಅಪ್ಪನ ಜೊತೆ ಇಳಿದೆ. ಕೇಳುತ್ತಾ ಹೋದೆ. ಪ್ರಾಯಶ್ಚಿತ್ತವೆಂದು ಶುರುವಾದದ್ದು ಯಾವಾಗ ಬೇರೆಯಾಯಿತೋ ತಿಳಿಯದು. ಆಫೀಸಿನಿಂದ ಬಂದು ಅಂಗಿ ಬದಲಿಸುವ ಮೊದಲೇ ಗದ್ದೆಗೆ ಹೋಗುವುದು ಅಭ್ಯಾಸವಾಗಿತ್ತು. ಕಾಯಿಕೊರಕ ಹೊಕ್ಕ ತೂತು ಈಗ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ಮಾರಲಿಲ್ಲ, ಆದರೆ ಹಕ್ಕಿ ಕಂಡರೆ ಮೊದಲು ಅದು ತಿನ್ನುವುದನ್ನು ನೋಡುತ್ತೇನೆ.

ಮಾರ್ಚಿನ ಒಂದು ಸಂಜೆ ಬೀಜಕ್ಕೆ ಬಿಡುವ ಕಾಯಿ ಆರಿಸುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡದೊಂದರ ತೊಟ್ಟಿಗೆ ನಾನು ಬಟ್ಟೆಯ ಚೂರು ಕಟ್ಟಿದೆ. ಅಪ್ಪ ಅದನ್ನು ಬಿಚ್ಚಿ ಆಚೆ ಸಾಲಿನ ಸಣ್ಣ ಕಾಯಿಗೆ ಕಟ್ಟಿದರು.

"ಅದು ಯಾಕೆ ಬೇಡ ಅಪ್ಪ?"

"ಕಾಯಿ ನೋಡಿದೆ ನೀನು, ಗಿಡ ನೋಡಲಿಲ್ಲ" ಎಂದು ಬಾಗಿ ಪಕ್ಕದ ಗಿಡದ ಎಲೆ ಎತ್ತಿ ತೋರಿಸಿದರು. ಸೊರಗು ರೋಗ ಆ ಸಾಲಿಗೆ ಆಗಲೇ ಬಂದಿತ್ತು. ನಾನು ಮೊಣಕಾಲೂರಿ ಕೂತು ಒಂದೊಂದೇ ಬುಡ ನೋಡತೊಡಗಿದೆ.