ಆ ಬೀದಿ ಏನಾಯ್ತು ಮಿಸ್?

ಹತ್ತನೇ ತರಗತಿಯ ಸಮಾಜ ವಿಜ್ಞಾನದಲ್ಲಿ ಕಾನ್‌ಸ್ಟಾಂಟಿನೋಪಲ್ ಬಂದು ಹೋಗುವುದು ಕೆಲವೇ ವಾಕ್ಯಗಳಲ್ಲಿ. 1453ರಲ್ಲಿ ಆಟೋಮನ್ ಟರ್ಕರು ಅದನ್ನು ವಶಪಡಿಸಿಕೊಂಡರು. ಯುರೋಪಿನವರು ಭಾರತಕ್ಕೆ ಹೊಸ ಜಲಮಾರ್ಗ ಹುಡುಕಿದರು. ಪರೀಕ್ಷೆಗೆ ಅಷ್ಟು ಸಾಕು. ಹನೂರು ಕಡೆಯ ಪ್ರೌಢಶಾಲೆಯೊಂದಕ್ಕೆ ಬೋಧನಾಭ್ಯಾಸಕ್ಕೆ ಹೋಗಿದ್ದಾಗ, ವಿಜ್ಞಾನ ಓದಿದ ನನಗೆ ಬದಲಿ ಅವಧಿಯಲ್ಲಿ ಈ ಪಾಠ ಸಿಕ್ಕಿತು. ಮಕ್ಕಳು ಇಸವಿಯನ್ನು ತಪ್ಪಿಲ್ಲದೆ ಒಪ್ಪಿಸಿದರು. ಆ ನಗರ ಹೇಗಿದ್ದೀತು ಎಂದು ಕೇಳಿದಾಗ ಮಾತ್ರ ತರಗತಿ ಸುಮ್ಮನಾಯಿತು.

ಕಪ್ಪುಹಲಗೆಯ ಮೇಲೆ ಎರಡು ಗೆರೆ ಎಳೆದೆ. ಮೊದಲನೆಯದು ನಮ್ಮ ರಸ್ತೆ: ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ, ಮಲೆ ಮಹದೇಶ್ವರ ಬೆಟ್ಟ. ಶಿವರಾತ್ರಿಗೆ ಮಾದಪ್ಪನ ಪರಸೆ ನಡೆದು ಹೋಗುವ ದಾರಿ. ಎಲ್ಲಿ ಅಂಗಡಿಸಾಲು, ಎಲ್ಲಿ ಮಜ್ಜಿಗೆ ಕೊಡುತ್ತಾರೆ, ಎಲ್ಲಿ ಜನ ತಂಗುತ್ತಾರೆ ಎಂದು ಮಕ್ಕಳೇ ಬಂದು ಗುರುತು ಹಾಕಿದರು.

ಎರಡನೆಯದು ಕಾನ್‌ಸ್ಟಾಂಟಿನೋಪಲ್ಲಿನ ಹೆದ್ದಾರಿ ಮೆಸೆ. ಹಾಗೆಂದರೆ ನಡುವಿನ ಬೀದಿ. ಹಾಗಿಯಾ ಸೋಫಿಯಾದ ಬಳಿ ಮಿಲಿಯೋನ್ ಎಂಬ ಕಟ್ಟಡವಿತ್ತು. ಸಾಮ್ರಾಜ್ಯದ ರಸ್ತೆಗಳ ದೂರವನ್ನು ಅಲ್ಲಿಂದ ಎಣಿಸುತ್ತಿದ್ದರು. ಅಲ್ಲಿಂದ ಹೊರಟ ಬೀದಿಯ ಎರಡೂ ಬದಿಗೆ ಕಂಬಸಾಲು, ಅದರ ನೆರಳಲ್ಲಿ ಅಂಗಡಿಗಳು. ಮುಂದೆ ಕಾನ್‌ಸ್ಟಾಂಟೈನನ ಚೌಕ. ಹೆಸರಿಗೆ ಚೌಕ, ಆಕಾರ ದುಂಡು. ನಡುವೆ 330ರಲ್ಲಿ ಪ್ರತಿಷ್ಠಾಪಿಸಿದ ಎತ್ತರದ ಕಂಬ. ಆಮೇಲೆ ಥಿಯೊಡೋಸಿಯಸನ ಚೌಕ. ಗೆದ್ದು ಬಂದ ಚಕ್ರವರ್ತಿ ಸ್ವರ್ಣದ್ವಾರದಿಂದ ಒಳಬಂದು ಈ ಬೀದಿಯಲ್ಲಿ ಮೆರವಣಿಗೆ ಹೋಗುತ್ತಿದ್ದ.

ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಟರ್ಕರು ಗೆದ್ದ ಮೇಲೆ ಆ ಬೀದಿ ಏನಾಯ್ತು ಮಿಸ್?"

ಬೀದಿ ಉಳಿಯಿತು ಎಂದೆ. ಇಸ್ತಾಂಬುಲ್‌ನ ದಿವಾನ್ ಯೋಲು ರಸ್ತೆ ಹೆಚ್ಚುಕಡಿಮೆ ಅದೇ ಜಾಡಿನಲ್ಲಿದೆ. ಈಗ ಅಲ್ಲಿ ಟ್ರಾಮ್ ಓಡುತ್ತದೆ. ಬೆಂಕಿಯಲ್ಲಿ ಕರಿಹಿಡಿದರೂ ಕಾನ್‌ಸ್ಟಾಂಟೈನನ ಕಂಬ ನಿಂತಿದೆ.

ಒಬ್ಬಳು ಎದ್ದು ನಿಂತಳು: "ನಮ್ ತಾತ ಹುಟ್ಟಿದಾಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೇಲಿತ್ತಂತೆ ಮಿಸ್. ರಸ್ತೆ ಮಾತ್ರ ಇದೇಯ."

1956ರಲ್ಲಿ ಕೊಳ್ಳೇಗಾಲ ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಸಂಗತಿ ಅವಳಿಗೆ ಮನೆಯ ಮಾತಾಗಿ ಗೊತ್ತಿತ್ತು. ಅದು ಇತಿಹಾಸ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

'ತಿಳಿದುದರಿಂದ ತಿಳಿಯದುದರ ಕಡೆಗೆ' ಎಂದು ನಾವು ಪ್ರತಿ ಪಾಠಯೋಜನೆಯಲ್ಲೂ ಬರೆಯುತ್ತೇವೆ. ಮಕ್ಕಳು ಹೋದ ದಾರಿಯಲ್ಲೇ ಮರಳಿಯೂ ಬಂದರು. ಇಸವಿಗಳು ಹೆಚ್ಚಾಗಿ ಆಳುವವರು ಬದಲಾದ ದಿನಗಳನ್ನು ಹೇಳುತ್ತವೆ. ಆಮೇಲೆ ಜನ ಯಾವ ಬೀದಿಯಲ್ಲಿ ನಡೆದರು ಎಂದು ಕೇಳಲು ನಲವತ್ತು ನಿಮಿಷದಲ್ಲಿ ಐದು ನಿಮಿಷ ತೆಗೆದಿಡಬಹುದು.