ನಾವು ಊರು ಬಿಟ್ಟ ಬಗೆ

ಕೊಟ್ಟೂರಿನವರಿಗೆ ತೇರಿನ ವಿಷಯ ಹೇಳಬೇಕಾಗಿಲ್ಲ. ಕೊಟ್ಟೂರೇಶ್ವರಸ್ವಾಮಿಯ ರಥೋತ್ಸವದಂದು ಸಹಸ್ರಾರು ಕೈಗಳು ಮಿಣಿಯನ್ನು ಹಿಡಿದೆಳೆಯುವವು. ಆದರೂ ನಿಂತ ತೇರು ಮೊದಲ ಸಲ ಅಲುಗಬೇಕಾದರೆ ಗಾಲಿಗೆ ಸನ್ನೆ ಹಾಕಬೇಕು. ಉರುಳಲಾರಂಭಿಸಿದ ಮೇಲೆ ಚಿಂತೆಯಿಲ್ಲ. ನಮ್ಮ ಮನಸ್ಸೂ ಅಂಥದೊಂದು ತೇರೆಂಬುದು ನಮಗೆ ತಿಳಿದುದು ಅರವತ್ತನೆಯ ವಯಸ್ಸಿನಲ್ಲಿ.

ಮಾಡಬೇಕಾದುದನ್ನು ಬಲ್ಲೆವು; ಮಾಡುವ ಇಚ್ಛೆಯೂ ಉಂಟು; ಆದರೆ ಮೊದಲು ಯಾವುದು, ಆಮೇಲೆ ಯಾವುದು ಎಂಬುದು ತೋಚದು, ತೋಚಿದರೂ ಕೈ ಏಳದು. ಒಂದು ಅರ್ಜಿ ಬರೆಯಲು ಕುಳಿತರೆ ಮಧ್ಯಾಹ್ನವಾದರೂ ಕಾಗದ ಬರಿದಾಗಿಯೇ ಇರುವುದು. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ತಾಮಸಕರ್ತೃವಿನ ಲಕ್ಷಣಗಳೊಳಗೆ ‘ದೀರ್ಘಸೂತ್ರೀ’ ಎಂಬ ಪದವಿದೆಯಷ್ಟೆ. ಅದನ್ನು ಪಾಠ ಹೇಳುವಾಗಲೆಲ್ಲ ಒಳಗೇ ನಾಚುತ್ತಿದ್ದೆವು. ಆ ಪದದಿಂದಲೇ ಕೆಲವು ಹುಡುಗರನ್ನು ಬೈದದ್ದೂ ಉಂಟು, ಈಗ ಪಶ್ಚಾತ್ತಾಪವಾಗುತ್ತದೆ.

ಗೃಹಿಣಿಯು ಇದ್ದಷ್ಟು ಕಾಲ ಈ ಕೊರತೆ ಹೊರಗೆ ಕಾಣಲಿಲ್ಲ. ಆಕೆ ತೀರಿಕೊಂಡ ಮೇಲೆ ವಿದ್ಯುತ್ತಿನ ಬಿಲ್ಲುಗಳು ಗೂಡಿನಲ್ಲಿ ರಾಶಿಯಾದವು. ಹೈದರಾಬಾದಿನಲ್ಲಿರುವ ಮಗಳು “ಅಪ್ಪಾ, ಇಲ್ಲಿಗೆ ಬಂದುಬಿಡು” ಎಂದು ಎರಡು ಸಲ ಟಿಕೇಟು ತೆಗೆಸಿದಳು. ಎರಡು ಸಲವೂ ಗಂಟು ಕಟ್ಟಲಾರದೆ ನಿಂತುಬಿಟ್ಟೆವು. ಎರಡನೆಯ ಸಲ ಅವಳು ದೂರವಾಣಿಯಲ್ಲಿಯೇ ಅತ್ತಳು: “ನನ್ನ ಮನೆಗೆ ಬರಲು ನಿನಗೆ ಮನಸ್ಸಿಲ್ಲ.” ಹಾಗಲ್ಲವೆಂದು ಯಾವ ಪ್ರಮಾಣದಿಂದ ಸಾಧಿಸುವುದು?

ಕಡೆಗೆ ಅವಳೇ ಬಂದು ವೈದ್ಯರ ಬಳಿಗೆ ಕರೆದೊಯ್ದಳು. ಕಾರ್ಯವನ್ನು ಯೋಜಿಸಿ, ಆರಂಭಿಸಿ, ಕ್ರಮವಾಗಿ ನಡೆಸುವುದರಲ್ಲಿ ಮೆದುಳಿನ ಮುಂಭಾಗದ ಪಾಲು ದೊಡ್ಡದೆಂದೂ, ಅಲ್ಲಿನ ತೊಡಕನ್ನು ಆಲಸ್ಯವೆನ್ನಬಾರದೆಂದೂ ಅವರು ಹೇಳಿದರು. ಮುಪ್ಪಿನಲ್ಲಿ ಇದು ಹೊಸದಾಗಿ ತಲೆದೋರಿದರೆ ಬೇರೆ ರೋಗವೇನಾದರೂ ಇದೆಯೇ ಎಂದು ಪರೀಕ್ಷಿಸಬೇಕಂತೆ. ನಮ್ಮದು ಬಾಲ್ಯದಿಂದ ಬಂದುದು. ಕೆಲಸವನ್ನು ತುಂಡುಮಾಡಿ ಬರೆದು ಕಣ್ಣೆದುರಿಗೆ ತೂಗುಹಾಕಿರಿ, ಮಾಡುವಾಗ ಬಳಿಯಲ್ಲೊಬ್ಬರನ್ನು ಕೂರಿಸಿಕೊಳ್ಳಿರಿ ಎಂದರು. ಕೂರಲು ಒಪ್ಪಿದವನು ನಮ್ಮ ಹಳೆಯ ಶಿಷ್ಯ. ಒಂದು ಕಾಲಕ್ಕೆ ನಮ್ಮಿಂದ ‘ದೀರ್ಘಸೂತ್ರಿ’ ಎನ್ನಿಸಿಕೊಂಡವರಲ್ಲಿ ಅವನೂ ಒಬ್ಬ! “ದಿನಕ್ಕೊಂದೂರು, ಊರಿಗೊಂದೇ ಕೆಲಸ, ಮೇಷ್ಟ್ರೇ” ಎಂದು ಕಾರಿನ ಬಾಗಿಲು ತೆರೆದನು.

ಮೊದಲ ದಿನ ಕೂಡ್ಲಿಗಿ, ಪಿಂಚಣಿಯ ಕಾಗದಕ್ಕಾಗಿ. ಗುಮಾಸ್ತರು ಮಧ್ಯಾಹ್ನ ಬನ್ನಿರೆಂದರು. ಹಿಂದೆಯಾದರೆ ಅಷ್ಟಕ್ಕೇ ಮನೆಗೆ ಮರಳಿ, ಆರು ತಿಂಗಳು ಆ ಕಡೆ ತಲೆಹಾಕುತ್ತಿರಲಿಲ್ಲ. ಗಾಂಧೀಜಿಯವರ ಚಿತಾಭಸ್ಮವನ್ನಿರಿಸಿದ ಸ್ಮಾರಕದ ಬಳಿ ಇಬ್ಬರೂ ಕಾದು ಕುಳಿತೆವು, ಕಾಗದ ಕೈಸೇರಿತು.

ಹಗರಿಬೊಮ್ಮನಹಳ್ಳಿಯಲ್ಲಿ ಬ್ಯಾಂಕಿನ ಕೆಲಸ ಬೇಗ ಮುಗಿಯಲು, ಅಂಕಸಮುದ್ರದ ಕೆರೆಗೆ ಹೋದೆವು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಪಕ್ಷಿಧಾಮವಿದು. ನೀರೊಳಗೆ ನಿಂತ ಕರಿಜಾಲಿಯ ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬಿಳಿ ಕೆಂಬರಲುಗಳೂ ಗೂಡುಕಟ್ಟಿದ್ದವು. ಏರಿಯ ಮೇಲೆ ಕುಳಿತಾಗ ಶಾಂತಿಪರ್ವದ ಮೂರು ಮೀನುಗಳು ನೆನಪಾದವು. ಬೆಸ್ತರು ಕೆರೆಯ ನೀರನ್ನು ಹೊರಹರಿಸತೊಡಗಿದಾಗ ಮುಂದಾಲೋಚನೆಯುಳ್ಳ ಮೀನು ಮೊದಲೇ ಬೇರೆ ಮಡುವಿಗೆ ಹೋಯಿತು, ಸಮಯಸ್ಫೂರ್ತಿಯುಳ್ಳದ್ದು ಉಪಾಯದಿಂದ ಪಾರಾಯಿತು, ದೀರ್ಘಸೂತ್ರನೆಂಬುದು ಸತ್ತಿತು. ಈ ಕಥೆಯನ್ನು ಎಷ್ಟು ವರ್ಷ ಹೇಳಿದೆವೋ! ಮೂರನೆಯದರ ಮೇಲೆ ಕನಿಕರ ಹುಟ್ಟಿದ್ದು ಅಂದೇ. ಮೊದಲನೆಯ ಮೀನು ಎಚ್ಚರಿಸಿ ತಾನು ಹೊರಟುಹೋಯಿತು; ಅರೆಗಳಿಗೆ ಪಕ್ಕದಲ್ಲಿ ನಿಂತಿದ್ದರೆ ಇದೂ ಈಸುತ್ತಿತ್ತೋ ಏನೋ.

ಹರಪನಹಳ್ಳಿಯಲ್ಲಿ ಪಿತ್ರಾರ್ಜಿತ ಹೊಲದ ಪಹಣಿ ಬೇಕಾಗಿತ್ತು. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ನಮ್ಮ ಹೊಲವು ಒಂದು ಗೇಣೂ ಕದಲಲಿಲ್ಲ. ಅದಕ್ಕೂ ಹಿಂದೆ, 1953ರ ಅಕ್ಟೋಬರ್ 1ರಂದು, ಈ ಸೀಮೆಯೆಲ್ಲ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಆಗ ಬಾಲಕರಾಗಿದ್ದ ನಮ್ಮ ತಂದೆಯವರು ಒಂದು ರಾಜ್ಯದಲ್ಲಿ ಮಲಗಿ ಮತ್ತೊಂದರಲ್ಲಿ ಎದ್ದರು. ಗಂಟು ಕಟ್ಟುವ ಕಷ್ಟವೇ ಇಲ್ಲ. ಅವರ ಅದೃಷ್ಟ ನಮಗಿರಲಿಲ್ಲ.

ಕಡೆಗೆ ಹೂವಿನಹಡಗಲಿ, ಗೃಹಿಣಿಯ ತವರು. ಇಲ್ಲಿನ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯಿದೆ. ಇಲ್ಲಿ ಯಾವ ಕಾಗದವೂ ಬೇಕಿರಲಿಲ್ಲ. ಆದರೂ ಹೊರಡುವುದು ಇಲ್ಲಿಯೇ ಹೆಚ್ಚು ಕಠಿನವಾಯಿತು. ಭಾವಮೈದುನನ ಹೆಂಡತಿ ಬೇರುಬಿಟ್ಟ ಮಲ್ಲಿಗೆಯ ಗಿಡವೊಂದನ್ನು ಹಸಿ ಗೋಣಿಯಲ್ಲಿ ಸುತ್ತಿಕೊಟ್ಟು, “ಅಣ್ಣಾ, ಎಂಟು ದಿನದೊಳಗೆ ನೆಲಕ್ಕಿಡಬೇಕು, ಇದು ನಿನಗಾಗಿ ಕಾಯುವುದಿಲ್ಲ” ಎಂದಳು. ಆಕೆಗೆ ನಮ್ಮ ಸ್ವಭಾವ ಗೊತ್ತು.

ಮರುದಿನ ಶಿಷ್ಯನು ನಮ್ಮ ಮನೆಯ ಪಡಸಾಲೆಯಲ್ಲಿ ಪತ್ರಿಕೆ ಹಿಡಿದು ಕುಳಿತನು. ಒಂದು ಮಾತೂ ಆಡಲಿಲ್ಲ, ಒಂದು ಪಾತ್ರೆಯನ್ನೂ ಎತ್ತಿಕೊಡಲಿಲ್ಲ. ಸಂಜೆಯೊಳಗೆ ಏಳು ಗಂಟುಗಳನ್ನು ನಾವೇ ಕಟ್ಟಿದೆವು. ಗೃಹಿಣಿಯ ಸೀರೆಗಳ ಪೆಟ್ಟಿಗೆಯ ಮುಂದೆ ಮಾತ್ರ ಬಹಳ ಹೊತ್ತು ನಿಂತೆವು. ಆಗ ಅವನು ಪತ್ರಿಕೆಯನ್ನು ಮಡಿಸಿ ಎದ್ದುಬಂದು ಪಕ್ಕದಲ್ಲಿ ನಿಂತನು.

ಈಗ ಹೈದರಾಬಾದಿನಲ್ಲಿದ್ದೇವೆ. ಗಿಡವು ಚಿಗುರಿದೆ. ಗೋಡೆಯ ಪಟ್ಟಿಯಲ್ಲಿ ಆಧಾರಿನ ವಿಳಾಸ ಬದಲಾಯಿತು. ಮತದಾರರ ಪಟ್ಟಿಯ ಅರ್ಜಿ ಉಳಿದಿದೆ. ಬೆಳಿಗ್ಗೆ ಏಳಕ್ಕೆ ಕೊಟ್ಟೂರಿನಿಂದ ಕರೆ ಬರುವುದು. “ಸನ್ನೆ ಹಾಕಿದ್ದೀನಿ, ಮೇಷ್ಟ್ರೇ” ಎಂದು ಅವನು ಸುಮ್ಮನಾಗುವನು. ಮೊದಲ ಸಾಲನ್ನು ಬರೆದೆವೆಂದು ಹೇಳುವವರೆಗೂ ಫೋನನ್ನು ಇಡುವುದಿಲ್ಲ.