ರೊಟ್ಟಿ ಬುತ್ತಿಯ ಪ್ರವಾಸ

ಡಿಸೆಂಬರ್ ಬಂದರೆ ಸಾಕು, ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಮೈಸೂರು, ಬೇಲೂರು, ಹಳೇಬೀಡು, ಜೋಗ ಎಂದು ಊರುಗಳ ಪಟ್ಟಿ ತಯಾರಾಗುತ್ತದೆ. ಬಸ್ಸಿನ ಮುಂದೆ ಶಾಲೆಯ ಹೆಸರು ಬರೆದ ಬಟ್ಟೆ ಕಟ್ಟಿಕೊಂಡು ಮಕ್ಕಳು ಹಾಡುತ್ತ ಹೊರಡುತ್ತಾರೆ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನ ಕಲಿಸುತ್ತ ಬಂದಿರುವ ನಾನೂ ಇಂಥ ಹಲವು ಬಸ್ಸುಗಳಲ್ಲಿ ಕುಳಿತಿದ್ದೇನೆ. ಆದರೆ ಪ್ರವಾಸವೆಂದರೆ ಏನೆಂಬುದನ್ನು ನನಗೆ ಕಲಿಸಿದವಳು, ಬಸ್ಸು ಹತ್ತದೆ ಊರಲ್ಲೇ ಉಳಿದ ಒಬ್ಬ ಹುಡುಗಿ.

ಅದು 1998ರ ಡಿಸೆಂಬರ್. ಒಂಬತ್ತನೆಯ ತರಗತಿಯ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುವುದೆಂದು ನಿಶ್ಚಯವಾಗಿತ್ತು. ತಲಾ ನಾಲ್ಕುನೂರು ರೂಪಾಯಿ. ಹಣ ಕೂಡಿಸುವ ಕೆಲಸ ನನ್ನದು. ಕೊನೆಯ ದಿನ ಒಬ್ಬ ಹುಡುಗಿಯ ತಂದೆ ಬಂದರು. ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, "ಈಗ ಕೈಯಾಗ ರೊಕ್ಕ ಇಲ್ರೀ ಸರ. ಸಂಕ್ರಮಣದ ಜಾತ್ರ್ಯಾಗ ಒಂದು ಎತ್ತು ಮಾರಾಂವ ಅದೀನಿ. ಆಮ್ಯಾಲ ಕೊಟ್ರ ನಡೀತೈತೇನ್ರಿ?" ಎಂದು ಕೇಳಿದರು. ಪಟ್ಟಿ ಮುಗಿಸುವ ಅವಸರದಲ್ಲಿದ್ದ ನಾನು, "ಮುಂದಿನ ವರ್ಷ ನೋಡೋಣ ಬಿಡ್ರಿ" ಎಂದುಬಿಟ್ಟೆ. ಅವರು ಮತ್ತೇನೂ ಹೇಳದೆ ಹೊರಟುಹೋದರು. ನನ್ನ ಕಿಸೆಯಿಂದ ತುಂಬಬಹುದಾಗಿತ್ತು ಎಂಬುದು ಆಗ ಹೊಳೆಯಲಿಲ್ಲ.

ಮೈಸೂರಿನಿಂದ ಬಂದ ಮೇಲೆ ತರಗತಿಯಲ್ಲಿ ಎರಡು ದಿನ ಅರಮನೆಯದೇ ಸುದ್ದಿ. ಮೂರನೆಯ ದಿನ ಧ್ವನಿಯ ಪಾಠ. ಪ್ರತಿಧ್ವನಿಯ ಬಗ್ಗೆ ಹೇಳುತ್ತಿದ್ದಾಗ ಆ ಹುಡುಗಿ ಎದ್ದು ನಿಂತಳು.

"ಸರ, ಗೋಲಗುಮ್ಮಟದಾಗ ಒಮ್ಮಿ ಕೂಗಿದ್ರ ಏಳು ಸಲ ಕೇಳಸ್ತೈತಂತ. ಖರೇ ಏನ್ರಿ? ನೀವು ಎಣಿಸೀರೇನ್ರಿ?"

ನಾನು ಎಣಿಸಿರಲಿಲ್ಲ. ನೋಡಿದವರು ಕೈ ಎತ್ತಿರಿ ಎಂದರೆ ನಲವತ್ತೆರಡು ಮಕ್ಕಳಲ್ಲಿ ಒಂಬತ್ತು ಕೈ ಮೇಲೆದ್ದವು. ಮಮದಾಪುರದಿಂದ ಬಸ್ಸು ಹತ್ತಿದರೆ ಒಂದು ತಾಸಿಗೆ ತುಸು ಹೆಚ್ಚಿನ ದಾರಿ. ಜಗತ್ತಿನ ನಾನಾ ಮೂಲೆಗಳಿಂದ ಜನ ಬಂದು ನೋಡಿ ಹೋಗುವ ಕಟ್ಟಡ ನಮ್ಮ ಮೂವತ್ತಮೂರು ಮಕ್ಕಳಿಗೆ ಬರೀ ಪುಸ್ತಕದ ಚಿತ್ರವಾಗಿತ್ತು.

ಅಂದೇ ನಿಶ್ಚಯಿಸಿದೆ. ಸಂಕ್ರಾಂತಿಯ ಮರುದಿನ ಹೊರಡುವುದು. ಸರಕಾರಿ ಬಸ್ಸು, ಮನೆಯ ಬುತ್ತಿ. ಬಸ್ಸಿನ ಚಾರ್ಜು ಬಿಟ್ಟರೆ ಬೇರೆ ಹಣವಿಲ್ಲ. ಅದೂ ಇಲ್ಲದವರದು ನನ್ನ ಲೆಕ್ಕಕ್ಕೆ.

ಹಿಂದಿನ ಸಂಜೆ ಮಕ್ಕಳನ್ನೆಲ್ಲ ನಮ್ಮೂರ ಕೆರೆಯ ಏರಿಯ ಮೇಲೆ ಕೂಡಿಸಿದೆ. ಈ ಕೆರೆ ಕಟ್ಟಿಸಿದವನು 1627ರಿಂದ 1656ರವರೆಗೆ ಆಳಿದ ಮಹಮ್ಮದ್ ಆದಿಲ್‌ಶಾಹ. ಊರಿನ ಹೆಸರೂ ಅವನದೇ. ಗೋಲಗುಮ್ಮಟದ ಕೆಳಗೆ ಮಲಗಿರುವವನೂ ಅವನೇ. "ನಾಳೆ ನಾವು ನೋಡೂದು, ನಮ್ಮ ಕೆರಿ ಕಟ್ಟಿಸಿದಾತನ ಗೋರಿ" ಎಂದಾಗ ಮಕ್ಕಳ ಮುಖ ನೋಡಬೇಕಿತ್ತು. ದಿನಾ ದನಕ್ಕೆ ನೀರು ಕುಡಿಸುವ ಕೆರೆಗೂ ಆ ದೊಡ್ಡ ಗುಮ್ಮಟಕ್ಕೂ ನಂಟಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಒಂದು ಡಬ್ಬಿಗೆ ಮೇಲೆ, ನಡುವೆ, ಕೆಳಗೆ ಮೂರು ತೂತು ಕೊರೆದು ನೀರು ತುಂಬಿದೆ. ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ಜೋರಾಗಿ ಚಿಮ್ಮಿತು. ನೀರು ಆಳವಾದಷ್ಟೂ ಒತ್ತಡ ಹೆಚ್ಚು. ಅದಕ್ಕೇ ಕೆರೆಯ ಏರಿ ಬುಡದಲ್ಲಿ ಅಗಲ, ಮೇಲೆ ಕಿರಿದು. ತರಗತಿಯಲ್ಲಿ ಎರಡು ಸಲ ಬರೆಸಿದರೂ ತಲೆಗೆ ಹತ್ತದಿದ್ದ ಪಾಠ ಏರಿಯ ಮೇಲೆ ಐದು ನಿಮಿಷದಲ್ಲಿ ಮುಗಿಯಿತು.

ಮರುದಿನ ಮೊದಲ ಬಸ್ಸು. ಆಗ ವಿಜಾಪುರ ಎನ್ನುತ್ತಿದ್ದೆವು. 2014ರ ನವೆಂಬರ್ 1ರಿಂದ ಅದು ವಿಜಯಪುರ. ಜನಜಂಗುಳಿ ಸೇರುವ ಮೊದಲೇ ಗೋಲಗುಮ್ಮಟ ತಲುಪಬೇಕೆಂಬುದು ನನ್ನ ಹಟ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏರಿ, ಏದುಸಿರು ಬಿಡುತ್ತ ಗುಮ್ಮಟದ ಒಳಗಿನ ಮೊಗಸಾಲೆಗೆ ಬಂದೆವು. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ನಡುವೆ ಒಂದೂ ಕಂಬವಿಲ್ಲ. ಒಂದರೊಳಗೊಂದು ಹಾಯ್ದುಹೋದ ಎಂಟು ಕಮಾನುಗಳು ಗುಮ್ಮಟದ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ದಾಬೋಲಿನ ಯಾಕೂತ್ ಎಂಬ ಶಿಲ್ಪಿಯ ಕೆಲಸವಿದು.

ಒಬ್ಬ ಹುಡುಗ ಚಪ್ಪಾಳೆ ತಟ್ಟಿದ. ಎಲ್ಲರೂ ಬೆರಳು ಮಡಿಚಿ ಎಣಿಸಿದರು. ಕೆಲವರದು ಏಳು, ಕೆಲವರದು ಒಂಬತ್ತು, ಒಬ್ಬಳದು ಹತ್ತು. ಕೇಳಿದ ಮಾತಿಗೂ ತಾನೇ ಎಣಿಸಿದ್ದಕ್ಕೂ ಇರುವ ಅಂತರ ಅವರಿಗೂ ನನಗೂ ಅಂದು ತಿಳಿಯಿತು.

ಆಮೇಲೆ ಪಿಸುಮಾತಿನ ಸರದಿ. ಎಲ್ಲರನ್ನೂ ಸುಮ್ಮನಿರಿಸಿ, ನಾನು ಒಂದು ಕಡೆ ಗೋಡೆಗೆ ಕಿವಿಗೊಟ್ಟು ಕುಳಿತೆ. ಎದುರು ಬದಿಯಲ್ಲಿ ಆ ಹುಡುಗಿ ಗೋಡೆಗೆ ಬಾಯಿ ಹಚ್ಚಿದಳು. ಪಕ್ಕದಲ್ಲೇ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು:

"ಸರ, ಮೈಸೂರಾಗ ಇಂಥಾದ್ದು ಇಲ್ಲಲ್ರೀ?"

ನಾನು ಉತ್ತರ ಕೊಡಲಿಲ್ಲ. ವಿಜ್ಞಾನವನ್ನಷ್ಟೇ ಹೇಳಿದೆ. ಬಯಲಲ್ಲಿ ಆಡಿದ ಮಾತು ಎಲ್ಲ ದಿಕ್ಕಿಗೂ ಹರಡಿ ಕ್ಷೀಣಿಸುತ್ತದೆ. ಇಲ್ಲಿ ದುಂಡು ಗೋಡೆಗೆ ಸವರಿಕೊಂಡಂತೆ, ಮತ್ತೆ ಮತ್ತೆ ಪ್ರತಿಫಲಿಸುತ್ತ ಸಾಗುವುದರಿಂದ ಅದರ ಶಕ್ತಿ ಅಷ್ಟು ಬೇಗ ಚದುರುವುದಿಲ್ಲ. ಅರ್ಧ ಸುತ್ತು ಸುಮಾರು 60 ಮೀಟರ್. ಸೆಕೆಂಡಿಗೆ 340 ಮೀಟರಿನಂತೆ ಧ್ವನಿ ಅದನ್ನು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಮೊದಲೇ ದಾಟುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲೂ ಹೀಗೇ ಆಗುತ್ತದೆ. 1921ರಲ್ಲಿ ಅಲ್ಲಿ ಪ್ರಯೋಗ ಮಾಡಿದ ಸಿ. ವಿ. ರಾಮನ್, ಮರುವರ್ಷ ಭಾರತದ ಇಂಥ ಕಟ್ಟಡಗಳ ಬಗ್ಗೆ ಬರೆದ ಪ್ರಬಂಧದಲ್ಲಿ ನಮ್ಮ ಗೋಲಗುಮ್ಮಟವನ್ನೂ ಸೇರಿಸಿದ್ದರು.

ಅಲ್ಲಿಂದ ನಡೆಯುತ್ತ ಊರಿನ ಪಶ್ಚಿಮದ ಕೋಟೆಯತ್ತ ಬಂದೆವು. ಮೆಟ್ಟಿಲುಗಳು ಹೊರಮೈಗೆ ಬಳ್ಳಿಯಂತೆ ಸುತ್ತಿಕೊಂಡಿರುವ ಉಪಲಿ ಬುರುಜು ಹತ್ತಿ, ಊರನ್ನೆಲ್ಲ ಒಂದೇ ನೋಟದಲ್ಲಿ ಕಂಡೆವು. ಆಮೇಲೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್. ತಲಾ 40 ಕಿಲೋ ತೂಗುವ ಮಕ್ಕಳನ್ನು ತಕ್ಕಡಿಯ ಇನ್ನೊಂದು ಬದಿಗೆ ಹಾಕಿದರೆ 1,375 ಮಕ್ಕಳು ಬೇಕು! ಗಂಟೆಯ ಲೋಹದ ಈ ತೋಪನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗಂಟೆಯಂತೆಯೇ ನಾದ. 1854ರಲ್ಲಿ ಇದು ಹರಾಜಿನಲ್ಲಿ 150 ರೂಪಾಯಿಗೆ ಹೋಗಿತ್ತು, ಆಮೇಲೆ ಆ ಹರಾಜು ರದ್ದಾಗಿ ಉಳಿಯಿತು ಎಂದೆ. "ನಮ್ಮ ಮೈಸೂರು ಪ್ರವಾಸಕ್ಕಿಂತ ಅಗ್ಗ ಆತಲ್ರೀ ಸರ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಬುರುಜಿನ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣಗಾಯಿ. ಎಲ್ಲರ ಬುತ್ತಿ ಎಲ್ಲರಿಗೂ.

ಕೊನೆಗೆ ಸಿದ್ಧೇಶ್ವರ ಜಾತ್ರೆ. ನಂದಿಕೋಲುಗಳ ಮೆರವಣಿಗೆ, ಬೆಂಡು-ಬತ್ತಾಸು, ಮಿರ್ಚಿ ಭಜಿಯ ವಾಸನೆ, ತಿರುಗುವ ತೊಟ್ಟಿಲು. ದನದ ಜಾತ್ರೆಯ ಬಯಲಿಗೆ ಬಂದಾಗ ಆ ಹುಡುಗಿ ಓಡಿದಳು. ಅಲ್ಲಿ ಅವಳ ತಂದೆ ಎತ್ತು ಹಿಡಿದು ನಿಂತಿದ್ದರು.

ನನಗೆ ಮಾತು ಹೊರಡಲಿಲ್ಲ. ಅವರೇ ಕರೆದರು. "ಬರ್ರಿ ಸರ, ಹುಡುಗ್ರಿಗೆ ನಾನೂ ಒಂದೀಟು ಪಾಠ ಹೇಳ್ತೀನಿ" ಎಂದು ಎತ್ತಿನ ಬಾಯಿ ತೆರೆದು ತೋರಿಸಿದರು. ದನಗಳಿಗೆ ಮೇಲಿನ ಸಾಲಿನಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಕೆಳಗಿನ ಹಾಲುಹಲ್ಲು ಬಿದ್ದು, ಎರಡು ವರ್ಷದ ಆಸುಪಾಸಿನಿಂದ ಜೋಡಿ ಜೋಡಿಯಾಗಿ ದೊಡ್ಡ ಹಲ್ಲು ಬರುತ್ತವೆ. ನಾಲ್ಕು ವರ್ಷ ದಾಟಿದ ಮೇಲೆ ಎಂಟೂ ಬಂದು ಬಾಯಿಗೂಡುತ್ತದೆ. ಇದನ್ನು ಅವರು ಹೇಳಿದಷ್ಟು ಚೆನ್ನಾಗಿ ನಾನು ಹೇಳಲಾರೆ. ಅಷ್ಟರಲ್ಲಿ ದಲಾಲಿ ಬಂದ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಮುಗಿಸಿದರು. ಹುಡುಗಿ ಎತ್ತಿನ ಗಂಗೆದೊಗಲು ಸವರುತ್ತ ಸುಮ್ಮನೆ ನಿಂತಿದ್ದಳು.

ಹಣ ಎಣಿಸಿ ಒಳಕಿಸೆಗೆ ಇಟ್ಟುಕೊಂಡು ಅವರು ಎಲ್ಲ ಮಕ್ಕಳಿಗೂ ಬೆಂಡು-ಬತ್ತಾಸು ಕೊಡಿಸಿದರು. ನಾನು ಬೇಡವೆಂದರೂ ಕೇಳಲಿಲ್ಲ. "ಮುಂದಿನ ವರ್ಷ ಅಂದಿದ್ರಿ. ತಿಂಗಳ ಒಳಗ ಕರಕೊಂಡು ಬಂದ್ರಿ. ಬಾಳ ಚಲೋ ಆತ್ರಿ ಸರ" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು.

ಅಂದಿನಿಂದ ರೊಟ್ಟಿ ಬುತ್ತಿಯ ಪ್ರವಾಸ ತಪ್ಪಿಸಿಲ್ಲ. ಒಂದು ವರ್ಷ ಕುಮಟಗಿಯ ನೀರಿನ ಮಹಲುಗಳು. ಇನ್ನೊಂದು ವರ್ಷ ಬೇಗಂ ತಲಾಬ್ ಮತ್ತು ಅದರ ಕೊಳವೆಗಳ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರಗಳು. ಮತ್ತೊಮ್ಮೆ ಕಾರಹುಣ್ಣಿಮೆಯ ನಂತರ ಕಾಖಂಡಕಿಯಲ್ಲಿ ಹೋರಿ ಓಡಿಸುವ ಕರಿ. ದೂರದ ಊರುಗಳನ್ನು ನೋಡಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಹಣವಿಲ್ಲವೆಂಬ ಕಾರಣಕ್ಕೆ ಒಂದೂ ಮಗು ಹಿಂದುಳಿಯದ ಪ್ರವಾಸ ವರ್ಷಕ್ಕೆ ಒಂದಾದರೂ ಇರಲಿ.

ಪಾಲಕರಿಗೆ ಒಂದು ಮಾತು. ಮುಂದಿನ ರವಿವಾರ ಮಕ್ಕಳನ್ನು ಕರೆದುಕೊಂಡು ನಿಮ್ಮ ಊರಿನ ಹಳೆಯ ಗುಡಿ, ಬುರುಜು, ಬಾವಿ, ಕೆರೆ ಯಾವುದಾದರೂ ಒಂದಕ್ಕೆ ಹೋಗಿ. ಗೋಡೆಯ ಮೇಲೆ ಹೆಸರು ಕೆತ್ತಲು ಬಿಡಬೇಡಿ. ಕಂಡದ್ದನ್ನು ವಹಿಯಲ್ಲಿ ಬರೆಯಲು ಹೇಳಿ. ಮಗು ಪ್ರಶ್ನೆ ಕೇಳಿದರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಇಬ್ಬರೂ ಕೂಡಿ ಎಣಿಸಿ ನೋಡಿ. ಬುತ್ತಿಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಇರಲಿ. ಪಕ್ಕದ ಮನೆಯ ಮಗುವನ್ನೂ ಕರೆದುಕೊಂಡು ಹೋಗಲು ಬರುತ್ತದೆ.